ಉಳ್ಳಾಗಡ್ಡಿ ಚೀಲ, ಬುತ್ತಿ ಗಂಟು

ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಹೇಳಿದ್ದನ್ನು ಬರೆದುಕೊಳ್ಳುವ ಒಂದು ಧಾಟಿ ಇದೆ. ಪಾಟೀಸವಾಲಿನಲ್ಲಿ ಎದುರಿನ ವಕೀಲರು ಒಂದು ಮಾತು ಮುಂದಿಡುತ್ತಾರೆ. ಸಾಕ್ಷಿ ಹೌದು ಅಂದರೆ 'ಎಂದರೆ ಸರಿ' ಅಂತ ಟೈಪಾಗುತ್ತದೆ. ಇಲ್ಲ ಅಂದರೆ 'ಎಂದರೆ ಸರಿಯಲ್ಲ'. ಕೊನೆಯ ಸಾಲು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: 'ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಹಾವೇರಿಯಲ್ಲಿ ವಕೀಲಳಾಗಿದ್ದ ಹದಿಮೂರು ವರ್ಷ ಈ ಸಾಲನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ರೈಲ್ವೆ ನಿಲ್ದಾಣದ ಪಕ್ಕ ಮನೆ ಇದ್ದವರಿಗೆ ರೈಲಿನ ಸದ್ದು ಕೇಳಿಸದ ಹಾಗೆ, ನನಗೂ ಅದು ಕೇಳಿಸುವುದು ನಿಂತಿತ್ತು.

ನನ್ನ ಕೆಲಸದ ಬಹುಪಾಲು ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳು. ಸಣ್ಣ ಊರಿನ ವಕೀಲರಿಗೆ ಅದು ಅನ್ನದ ದಾರಿ. ಆಗ ಲೆಕ್ಕ ಸುಲಭ. ತೀರಿಕೊಂಡವರ ತಿಂಗಳ ಆದಾಯ ಆರು ಸಾವಿರ ಅಂತ ಹಿಡಿಯಿರಿ. ವರ್ಷಕ್ಕೆ 72 ಸಾವಿರ. ಅವರನ್ನು ನಂಬಿದವರು ನಾಲ್ಕು ಜನ ಇದ್ದರೆ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯಬೇಕು, ಉಳಿಯುವುದು 54 ಸಾವಿರ. ವಯಸ್ಸು 34 ಆದರೆ 16ರಿಂದ ಗುಣಿಸಬೇಕು. ಈ ಗುಣಕದ ಪಟ್ಟಿಯನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಖಚಿತ ಮಾಡಿತು. ಬಂತಲ್ಲ, 8 ಲಕ್ಷ 64 ಸಾವಿರ. ಅದರ ಮೇಲೆ ಅಂತ್ಯಕ್ರಿಯೆಗೆ ಇಷ್ಟು, ಗಂಡ ಹೆಂಡತಿಯ ಅಗಲಿಕೆಗೆ ಇಷ್ಟು. ಬೆರಳ ತುದಿಯಲ್ಲಿತ್ತು ನನಗೆ.

2014ರಲ್ಲಿ ಒಂದು ಕೇಸು ಸಾಕ್ಷಿಯ ಹಂತಕ್ಕೆ ಬಂತು. ಟಾಟಾ ಏಸ್ ಗಾಡಿ ಮಗುಚಿ ಬಿದ್ದು ಒಬ್ಬ ಹೆಣ್ಣುಮಗಳು ತೀರಿಕೊಂಡಿದ್ದಳು. ಅವಳ ತಾಯಿ ಸಾಕ್ಷಿ ಕಟಕಟೆ ಏರಿದ್ದರು. ನಮ್ಮ ಅರ್ಜಿಯಲ್ಲಿ ಬರೆದದ್ದು ಹೀಗೆ: 'ಮೃತಳು ತನ್ನ ಎರಡು ಚೀಲ ಈರುಳ್ಳಿಯೊಂದಿಗೆ ಮಾರುಕಟ್ಟೆಗೆ ಪ್ರಯಾಣಿಸುತ್ತಿದ್ದಳು.' ವಿಮಾ ಕಂಪನಿಯ ವಕೀಲರು ಎದ್ದು, ಈರುಳ್ಳಿ ಚೀಲ ಇತ್ತು ಎಂಬುದು ಸುಳ್ಳು ಅಲ್ಲವೇ ಅಂದರು. ಆ ತಾಯಿ ಸುಮ್ಮನಾದರು. ನನ್ನ ಕಡೆ ನೋಡಿದರು. ಅರ್ಧ ನಿಮಿಷ ಆಗಿರಬಹುದು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅಂದರು: "ಉಳ್ಳಾಗಡ್ಡಿ ಎಲ್ಲಿಂದ ಬರಬೇಕ್ರಿ ಸಾಹೇಬ್ರ? ಬುತ್ತಿ ಗಂಟು ಒಯ್ದಿದ್ಳು. ಎರಡ ರೊಟ್ಟಿ, ಪುಂಡಿಪಲ್ಲೆ."

ನಮ್ಮ ಕಡೆ ಯಾರೂ ಈರುಳ್ಳಿ ಅನ್ನುವುದಿಲ್ಲ, ಉಳ್ಳಾಗಡ್ಡಿ ಅನ್ನುತ್ತಾರೆ. ಆ ಅರ್ಜಿಯಲ್ಲಿದ್ದ ಪದವೇ ಆ ಮನೆಯದ್ದಲ್ಲ ಅಂತ ನನಗೆ ಆಗ ಹೊಳೆಯಿತು. ದಾಖಲೆಯಲ್ಲಿ ಉಳಿದದ್ದು ಒಂದೇ ಸಾಲು: 'ಈರುಳ್ಳಿ ಚೀಲಗಳು ಇರಲಿಲ್ಲ ಎಂದರೆ ಸರಿ.' ಅರ್ಧ ನಿಮಿಷದ ಮೌನ ಹೋಯಿತು. ರೊಟ್ಟಿ ಹೋಯಿತು. ಪುಂಡಿಪಲ್ಲೆ ಹೋಯಿತು. ಸಾಕ್ಷಿಯ ಹಾವಭಾವವನ್ನು ನ್ಯಾಯಾಧೀಶರು ಬರೆದಿಡಬಹುದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಆದರೆ ದಿನಕ್ಕೆ ಎಂಬತ್ತು ಕೇಸು ಕೂಗುವ ಕೋರ್ಟಿನಲ್ಲಿ ಯಾರು ಬರೆಯುತ್ತಾರೆ?

ಈ ಚೀಲದ ಹಿಂದಿನ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ನಾನು ಯಾಕೆ ಕೋರ್ಟು ಬಿಟ್ಟೆ ಅನ್ನುವುದೂ ಅರ್ಥವಾಗುವುದಿಲ್ಲ. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ನೆ ಕೂತು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ. 2002ರ ಡಿಸೆಂಬರ್‌ನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿತು. ಆದರೆ 1994ರ ತಿದ್ದುಪಡಿಯಿಂದ, ಗಾಡಿಯಲ್ಲಿರುವ ಸರಕಿನ ಮಾಲೀಕರಿಗೆ ಅಥವಾ ಅವರ ಪ್ರತಿನಿಧಿಗೆ ವಿಮೆ ಇದೆ. ಅಂದರೆ ಕೂಲಿಗೆ ಹೋಗುವ ಹೆಂಗಸು ಸತ್ತರೆ ವಿಮೆಯ ದುಡ್ಡಿಲ್ಲ. ಅವಳ ಪಕ್ಕದಲ್ಲಿ ಒಂದು ಚೀಲ ಉಳ್ಳಾಗಡ್ಡಿ ಇದ್ದರೆ ಇದೆ. ಹಾಗಾಗಿ ಸತ್ತ ಮೇಲೆ ಚೀಲ ಹುಟ್ಟಿಕೊಳ್ಳುತ್ತದೆ. ಕೆಲವು ಸಲ 'ಗಾಡಿಯ ಹಮಾಲಿ' ಅನ್ನುವ ಕೆಲಸ ಹುಟ್ಟಿಕೊಳ್ಳುತ್ತದೆ, ಯಾಕೆಂದರೆ ಗಾಡಿ ಮಾಲೀಕನ ಕೆಲಸದವರಿಗೆ ವಿಮೆಯಲ್ಲಿ ಜಾಗ ಇದೆ.

ಆ ಚೀಲವನ್ನು ನಾನು ಹುಟ್ಟಿಸಿದೆನೇ? ಇಲ್ಲ. ಕೇಸು ನನ್ನ ಮೇಜಿಗೆ ಬರುವಾಗಲೇ ಚೀಲ ಬಂದಿತ್ತು. ಊರಿನಿಂದ ಕರೆದುಕೊಂಡು ಬಂದವನು ಹೇಳಿದ, ಮನೆಯವರು ತಲೆಯಾಡಿಸಿದರು, ನಾನು ಬರೆದೆ. 'ನಿಜವಾಗಿ ಇತ್ತಾ?' ಅಂತ ಕೇಳಲಿಲ್ಲ. ಕೇಳದೇ ಇರುವುದೂ ವಕೀಲಿಕೆಯ ಒಂದು ಕಲೆಯೇ. ಸೀನಿಯರ್ ಕೈಕೆಳಗೆ ಮೊದಲ ವರ್ಷವೇ ಕಲಿಯುತ್ತೇವೆ. ಅದರ ಮೇಲೆ ಇನ್ನೊಂದು. 2002ರ ತಿದ್ದುಪಡಿಯ ನಂತರ ಸಿವಿಲ್ ಕೇಸುಗಳಲ್ಲಿ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ಮೊದಲು ತನ್ನ ಕಡೆಯ ಮಾತು ಹೇಳುವುದು, ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಆಗುತ್ತದೆ. ನಮ್ಮ ಕೇಸುಗಳಲ್ಲೂ ಅದೇ ರೂಢಿ. ಅಂದರೆ ಸಾಕ್ಷಿಯ ಮಾತನ್ನು ಬರೆಯುವುದು ಅವರ ವಕೀಲರೇ. ಹದಿಮೂರು ವರ್ಷ ನೂರಾರು ಹೆಂಗಸರ ಕಥೆಯನ್ನು ನಾನೇ, ನನ್ನ ಭಾಷೆಯಲ್ಲಿ, ಲೀಗಲ್ ಸೈಜ್ ಕಾಗದದಲ್ಲಿ ಬರೆದೆ. ಅವರು ಹೆಬ್ಬೆಟ್ಟು ಒತ್ತಿದರು.

ಆ ಕೇಸಿನಲ್ಲಿ ಪರಿಹಾರದ ಹೊಣೆ ಗಾಡಿ ಮಾಲೀಕನ ಮೇಲೆ ಬಿತ್ತು. ಅವನ ಹತ್ತಿರ ಇದ್ದದ್ದು ಸಾಲದ ಮೇಲೆ ತಂದ ಅದೇ ಒಂದು ಗಾಡಿ. ತಾಯಿಯ ಕೈಗೆ ಎಷ್ಟು ಬಂದಿರಬಹುದು ಅಂತ ನೀವೇ ಊಹಿಸಿ.

ಮರುದಿನವೇ ಕರಿ ಕೋಟು ಕಳಚಿಟ್ಟು ಕ್ಯಾಮೆರಾ ಹಿಡಿದೆ ಅಂತ ಹೇಳಿದರೆ ಕಥೆಗೆ ಚೆನ್ನ. ಹಾಗೇನೂ ಆಗಲಿಲ್ಲ. ಇನ್ನೂ ಮೂರು ವರ್ಷ ಅದೇ ಕೆಲಸ ಮಾಡಿದೆ. ಆದರೆ ಒಂದು ಚಟ ಅಂಟಿಕೊಂಡಿತು. ಮೊಬೈಲಿನಲ್ಲಿ ಕೋರ್ಟಿನ ಹೊರಗಡೆ, ಬೇವಿನ ಮರದ ಕೆಳಗೆ, ಚಹಾದಂಗಡಿಯಲ್ಲಿ ಜನ ಮಾತಾಡುವುದನ್ನು ಅವರ ಒಪ್ಪಿಗೆ ಕೇಳಿ ಚಿತ್ರೀಕರಿಸುತ್ತಿದ್ದೆ. ಕೋರ್ಟಿನ ಒಳಗೆ ಚಿತ್ರೀಕರಣ ಮಾಡುವಂತಿಲ್ಲ, ಅದು ಗೊತ್ತಿದ್ದದ್ದೇ. ಒಳಗೆ ಎರಡು ಮಾತೂ ಆಡದವರು ಹೊರಗೆ ಮರದ ಕೆಳಗೆ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು.

2015ರ ದಸರಾ ರಜೆಯ ಹೊತ್ತಿಗೆ ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರಕ್ಕೆ ಹೋದೆ. ನಾಟಕ ನೋಡೋಣ ಅಂತ ಹೋದವಳು. ಕೆ.ವಿ. ಸುಬ್ಬಣ್ಣನವರು ಆ ಹಳ್ಳಿಯಲ್ಲಿ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ದೊಡ್ಡ ಸಿನಿಮಾಗಳನ್ನು ಅಡಿಕೆ ತೋಟದ ಜನರಿಗೆ ತೋರಿಸಿದ್ದರು ಅನ್ನುವುದು ಅಲ್ಲಿ ಕೇಳಿದೆ. ಇಂಥ ಸಿನಿಮಾ ಹಳ್ಳಿಯವರಿಗೆ ಅರ್ಥವಾಗುತ್ತದಾ ಅನ್ನುವ ಪ್ರಶ್ನೆ ಅವತ್ತೇ ನನ್ನ ತಲೆಯಿಂದ ಹೊರಟುಹೋಯಿತು.

ಇನ್ನೊಂದು ತಮಾಷೆ ಹೇಳಬೇಕು. ಕಾನೂನು ಓದುವಾಗ ಕೆ.ಎ. ಅಬ್ಬಾಸ್ ಪ್ರಕರಣವನ್ನು ಬಾಯಿಪಾಠ ಮಾಡಿದ್ದೆ. 1970, ಸುಪ್ರೀಂ ಕೋರ್ಟ್, ಸಿನಿಮಾಕ್ಕೆ ಮೊದಲೇ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ವಿರುದ್ಧವಲ್ಲ, ಆದರೆ ನಿಯಮಗಳು ಸ್ಪಷ್ಟವಾಗಿರಬೇಕು. ಹತ್ತು ಅಂಕದ ಪ್ರಶ್ನೆ. ಆ ಕೇಸು ಹುಟ್ಟಿದ್ದು ನಾಲ್ಕು ಮಹಾನಗರಗಳ ಬಡವರು ಮತ್ತು ಸಿರಿವಂತರನ್ನು ಎದುರುಬದುರು ಇಟ್ಟ ಒಂದು ಪುಟ್ಟ ಸಾಕ್ಷ್ಯಚಿತ್ರದಿಂದ ಅನ್ನುವುದು ಪರೀಕ್ಷೆ ಬರೆದು ಪಾಸಾದವಳಿಗೂ ತಲೆಗೆ ಹೋಗಿರಲಿಲ್ಲ. ಹಾಗೆಯೇ 1992ರ ಮನುಭಾಯಿ ಶಾ ತೀರ್ಪು. ಭೋಪಾಲ್ ಅನಿಲ ದುರಂತದ ಬಗ್ಗೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ಸಾಕ್ಷ್ಯಚಿತ್ರವನ್ನು ದೂರದರ್ಶನ ತೋರಿಸಲ್ಲ ಅಂದಾಗ, ಹಾಗೆ ನಿರಾಕರಿಸುವುದು ಸರಿಯಲ್ಲ ಅಂತ ಕೋರ್ಟು ಹೇಳಿದ್ದು. ನಾನು ಹುಡುಕುತ್ತಿದ್ದ ದಾರಿ ನನ್ನದೇ ಕಪಾಟಿನ ಕಾನೂನು ಪುಸ್ತಕಗಳಲ್ಲಿ ಬಿದ್ದಿತ್ತು ನೋಡಿ. ಸಾಕ್ಷಿಗೂ ಸಾಕ್ಷ್ಯಚಿತ್ರಕ್ಕೂ ಒಂದೇ ಬೇರು ಅನ್ನುವುದನ್ನೂ ನಾನು ಗಮನಿಸಿದ್ದು ಆಗಲೇ.

2017ರಲ್ಲಿ ಸನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಅಮಾನತಿನಲ್ಲಿಡಲು ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಹಾಕಿದೆ. ಇದು ಕಡ್ಡಾಯವೇ ಅಂತ ಬಾರ್ ರೂಮಿನಲ್ಲಿ ಒಂದು ವಾರ ವಾದ ನಡೆಯಿತು. ವಕೀಲರು ಸ್ವತಃ ವ್ಯಾಪಾರ ನಡೆಸುವಂತಿಲ್ಲ, ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತಿಲ್ಲ. ಆದರೆ ಪ್ರಸಾರ, ಪತ್ರಿಕೆ, ಪಾಠ ಇವಕ್ಕೆಲ್ಲ ಅವಕಾಶ ಇದೆ ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಸಾಕ್ಷ್ಯಚಿತ್ರ ವ್ಯಾಪಾರವೋ ಪ್ರಸಾರವೋ? "ಇದರಾಗ ದುಡ್ಡ ಬರ್ತದೇನು? ಬರಂಗಿಲ್ಲ ಅಂದ್ರ ವ್ಯಾಪಾರ ಹೆಂಗಾಗ್ತದ?" ಅಂದರು ಒಬ್ಬ ಹಿರಿಯರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಹೊಟ್ಟೆ ಚುರ್ ಅಂದರೂ. ಆದರೂ ಅಮಾನತಿಗೆ ಹಾಕಿದೆ. ಸನದು ಕೈಯಲ್ಲಿದ್ದರೆ ತಿಂಗಳಿಗೆ ಎರಡು ಕೇಸು ಅಂತ ಶುರುವಾಗಿ ಮತ್ತೆ ಅಲ್ಲೇ ಕೂರುತ್ತೇನೆ ಅಂತ ನನಗೆ ನನ್ನ ಬಗ್ಗೆಯೇ ಗೊತ್ತಿತ್ತು. ಚಾಲ್ತಿಯ ಕೇಸುಗಳನ್ನು ಕಕ್ಷಿದಾರರನ್ನು ಕೇಳಿ, ಇಬ್ಬರು ಜೂನಿಯರ್‌ಗಳಿಗೆ ಕೊಡುವುದಕ್ಕೇ ಐದು ತಿಂಗಳು ಹಿಡಿಯಿತು.

ದುಡ್ಡಿನ ವಿಷಯ. ನನ್ನ ಗಂಡ ಹೈಸ್ಕೂಲು ಮೇಷ್ಟ್ರು. ಮನೆಗೆ ಒಂದು ಸಂಬಳ ಬರುತ್ತಿತ್ತು. ಇದನ್ನು ಮುಚ್ಚಿಟ್ಟು ಧೈರ್ಯದ ಕಥೆ ಹೇಳುವುದು ಮೋಸ. ಮುಗಿದ ಕೇಸುಗಳ ಬಾಕಿ ಫೀ ಒಂದೂವರೆ ವರ್ಷ ಅಷ್ಟಿಷ್ಟು ಬಂತು. ಹಳೆಯ ಕ್ಯಾಮೆರಾ ಮತ್ತು ಒಂದು ಲೆನ್ಸ್ 38 ಸಾವಿರ, ಸೌಂಡ್ ರೆಕಾರ್ಡರ್ ಮತ್ತು ಎರಡು ಮೈಕು 17 ಸಾವಿರ, ಎರಡು ಹಾರ್ಡ್ ಡಿಸ್ಕ್ 9 ಸಾವಿರ. ಒಟ್ಟು 64 ಸಾವಿರ. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್, ಅದರ ಪುಕ್ಕಟೆ ಆವೃತ್ತಿ ನನ್ನ ಕೆಲಸಕ್ಕೆ ಸಾಕಿತ್ತು. ಲ್ಯಾಪ್‌ಟಾಪು ಮಾತ್ರ ಆಮೇಲೆ ಬದಲಿಸಬೇಕಾಯಿತು, ಹಳೆಯದು ಕಾದ ಹಂಚಿನಂತಾಗಿ ಕೈಕೊಟ್ಟಿತು. ಅಮ್ಮ ಮಾತ್ರ ಇವತ್ತಿಗೂ ನೆಂಟರಿಗೆ ನಾನು ವಕೀಲಳು ಅಂತಲೇ ಹೇಳುತ್ತಾಳೆ.

ಚಿತ್ರದ ವಿಷಯ ಹುಡುಕಬೇಕಾಗಿರಲಿಲ್ಲ. ಸರಕಿನ ಗಾಡಿಯಲ್ಲಿ ಕೂಲಿಗೆ ಹೋಗುವ ಹೆಂಗಸರು. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು, ಕಳೆ ತೆಗೆಯಲು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಬಂತು, ಅದರ ಬಣ್ಣ ಎಲ್ಲರಿಗೂ ಗೊತ್ತು. ಅದನ್ನು ಗಿಡದಿಂದ ಬಿಡಿಸುವ ಕೈ ಹೊಲಕ್ಕೆ ಹೇಗೆ ಬರುತ್ತದೆ ಅನ್ನುವುದು ಯಾವ ಟ್ಯಾಗಿನಲ್ಲೂ ಇಲ್ಲ. ನಾನು ಕೋರ್ಟಿಗೆ ಬಂದ ಹೊಸತರಲ್ಲಿ ಇಂಥ ಕೇಸುಗಳು ಹೆಚ್ಚಾಗಿ ಟ್ರ್ಯಾಕ್ಟರ್ ಟ್ರೇಲರ್‌ನವು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಿಧಾನಕ್ಕೆ ಅದರವು ಜಾಸ್ತಿಯಾದವು. ಮುಕ್ಕಾಲು ಟನ್ ಹೊರುವ ಗಾಡಿ. ಅದರ ಹಿಂದೆ ನಾನು ಎಣಿಸಿದ್ದು ಒಂದು ದಿನ 23 ಜನ.

ಮೊದಲ ಸೋಲು ನನ್ನ ಬಾಯಿಯಿಂದಲೇ ಬಂತು. ಶುರುವಿನ ಹನ್ನೊಂದು ಸಂದರ್ಶನ ಪೂರ್ತಿ ಬಿಸಾಡಬೇಕಾಯಿತು. ಮನೆಗೆ ಬಂದು ಕೇಳಿಸಿಕೊಂಡರೆ, ಅದರಲ್ಲಿ ಇದ್ದದ್ದು ನನ್ನ ದನಿ. "ನೀವು ದಿನಾ ಬೆಳಿಗ್ಗೆ ಏಳಕ್ಕೆ ಗಾಡಿ ಹತ್ತುತ್ತೀರಿ, ಅಲ್ವಾ?" "ಹೂಂ." "ಹೆದರಿಕೆ ಆಗುತ್ತದೆ, ಅಲ್ವಾ?" "ಹೂಂ ರೀ." ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಅಂತ ನಮಗೆ ಕಲಿಸುತ್ತಾರೆ. ನಾನು ಕ್ಯಾಮೆರಾ ಇಟ್ಟುಕೊಂಡೂ ಅದನ್ನೇ ಮಾಡುತ್ತಿದ್ದೆ. ನನ್ನ ಅಫಿಡವಿಟ್ಟಿಗೆ ಅವರಿಂದ ಹೂಂ ಅನ್ನಿಸಿಕೊಳ್ಳುತ್ತಿದ್ದೆ, ಅಷ್ಟೇ. 'ಎಂದರೆ ಸರಿ.'

ಇದನ್ನು ಬಿಡಲು ಒಂದು ಉಪಾಯ ಮಾಡಿಕೊಂಡೆ. ಪ್ರಶ್ನೆ ಕೇಳುವುದನ್ನೇ ಬಿಟ್ಟು, ಏನಾದರೂ ಮಾಡಿ ತೋರಿಸಿ ಅಂತ ಕೇಳತೊಡಗಿದೆ. "ಬುತ್ತಿ ಹೆಂಗ ಕಟ್ತೀರಿ ತೋರಸ್ರಿ ಅಕ್ಕಾ." ರೊಟ್ಟಿ ಮಡಚುತ್ತಾ ಒಬ್ಬರು ಇಡೀ ಮದುವೆಯ ಕಥೆ ಹೇಳಿದರು. ಗಾಡಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ ನೆಲದ ಮೇಲೆ ಬರೆದು ತೋರಿಸಿ ಅಂದಾಗ ತಿಳಿಯಿತು, ಅಲ್ಲೂ ಜಾತಿಯ ಲೆಕ್ಕ ಇದೆ, ವಯಸ್ಸಿನ ಲೆಕ್ಕ ಇದೆ. ಹಿಂದಿನ ಬಾಗಿಲಿನ ಪಕ್ಕ, ಎಲ್ಲಕ್ಕಿಂತ ಅಪಾಯದ ಜಾಗದಲ್ಲಿ, ಕೂರುವುದು ಹೊಸದಾಗಿ ಸೇರಿದ ಹುಡುಗಿಯರು. ಈ ಸಂಗತಿ ನನ್ನ ಹದಿಮೂರು ವರ್ಷದ ಒಂದು ಫೈಲಿನಲ್ಲೂ ಇರಲಿಲ್ಲ. ನಾನು ಕೇಳಿರಲಿಲ್ಲ.

ಇನ್ನೊಂದು ಅಭ್ಯಾಸ. ಅವರು ಮಾತು ನಿಲ್ಲಿಸಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವುದು. ಎಂಟಕ್ಕೋ ಒಂಬತ್ತಕ್ಕೋ ಅವರು ಮತ್ತೆ ಮಾತಾಡುತ್ತಾರೆ, ಆಗ ಬರುವುದೇ ಬೇರೆ ಮಾತು. ವಕೀಲರಿಗೆ ಹತ್ತು ಎಣಿಸುವುದು ಎಷ್ಟು ಕಷ್ಟ ಅಂತ ವಕೀಲರಿಗೇ ಗೊತ್ತು.

ಕೈಕೆಲಸ ಕಲಿತದ್ದು ಬೆಂಗಳೂರಿನ ಒಂದು ಹತ್ತು ದಿನದ ಕಾರ್ಯಾಗಾರದಲ್ಲಿ, ಉಳಿದದ್ದು ತಪ್ಪು ಮಾಡಿ. ಹೊಸದಾಗಿ ಶುರುಮಾಡುವವರು ಕ್ಯಾಮೆರಾ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಸಾಕ್ಷ್ಯಚಿತ್ರವನ್ನು ಕೊಲ್ಲುವುದು ಕೆಟ್ಟ ಸದ್ದು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹೆಂಗಸರ ಸೀರೆಗೆ ಸಿಕ್ಕಿಸುವ ಸಣ್ಣ ಮೈಕನ್ನು ಸೆರಗಿನ ಹೊರಗೆ ಹಾಕಿದರೆ ಗಾಜಿನ ಬಳೆ ಸದ್ದು, ಒಳಗೆ ಹಾಕಿದರೆ ಬಟ್ಟೆಯ ಸರಸರ. ಕೊನೆಗೆ ಕಂಡುಕೊಂಡದ್ದು ರವಿಕೆಯ ಅಂಚಿಗೆ ಒಳಗಿನಿಂದ ಹತ್ತಿಯ ಪಟ್ಟಿ ಅಂಟಿಸಿ, ಅದರ ಮೇಲೆ ಮೈಕು. ಅದನ್ನು ಅವರೇ ಹಾಕಿಕೊಳ್ಳಲಿ ಅಂತ ಬಿಡುತ್ತಿದ್ದೆ. ನಾನು ಹೆಣ್ಣಾದದ್ದರಿಂದ ಇದು ಸುಲಭವಾಯಿತು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷದ ಬರೀ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಮೊದಲ ಆರು ತಿಂಗಳು ಇದನ್ನು ಮಾಡದೆ, ಎಡಿಟಿಂಗಿನಲ್ಲಿ ಎರಡು ಮಾತುಗಳ ನಡುವೆ ಗುಂಡಿ ಬಿದ್ದಂತಾಗಿ ಅತ್ತಿದ್ದೇನೆ.

ಟ್ಯೂಬ್‌ಲೈಟ್ ಕೆಳಗೆ ತೆಗೆದ ದೃಶ್ಯಗಳಲ್ಲೆಲ್ಲ ಬೆಳಕು ಮಿಣಮಿಣ ಅನ್ನುತ್ತಿತ್ತು. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದೆ. ಕ್ಯಾಮೆರಾ ಚೆನ್ನಾಗೇ ಇತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಷಟರನ್ನು ಐವತ್ತನೇ ಒಂದು ಸೆಕೆಂಡಿಗೆ, ಫ್ರೇಮನ್ನು 25ಕ್ಕೆ ಇಟ್ಟರೆ ಸರಿಹೋಗುತ್ತದೆ. ನಾನು ಇಟ್ಟಿದ್ದು 30 ಮತ್ತು ಅರವತ್ತನೇ ಒಂದು. ಎರಡು ಸಲದ ಬಸ್ ಚಾರ್ಜು ದಂಡ.

ಗಾಡಿಯ ಹಿಂದೆ ಕೂತು ಚಿತ್ರೀಕರಿಸಿದ್ದು ನಾಲ್ಕು ದಿನ. ನಾನು ಹತ್ತಿದರೆ ಇಪ್ಪತ್ತನಾಲ್ಕನೆಯವಳು. ಒಬ್ಬಳ ತೂಕ ಜಾಸ್ತಿ, ಅಪಾಯವೂ ಅಷ್ಟು ಜಾಸ್ತಿ. ಅಪಾಯದ ಬಗ್ಗೆ ಚಿತ್ರ ಮಾಡುವವಳು ಅಪಾಯ ಹೆಚ್ಚಿಸಬಹುದಾ? ಐದನೇ ದಿನದಿಂದ ಹಿಂದೆ ಬೈಕಿನಲ್ಲಿ ಹೋದೆ, ಗಂಡ ಓಡಿಸಿದರು. ಅವರ ರಜೆಗಳೆಲ್ಲ ಅದಕ್ಕೇ ಹೋದವು.

ಒಪ್ಪಿಗೆ ಪತ್ರದ ಕಥೆ ಉದ್ದ, ಆದರೆ ನನ್ನ ಕೆಲಸದ ತಿರುಳೇ ಅದು. ನಾನು ಮೊದಲು ತಯಾರಿಸಿದ್ದು ಎರಡು ಪುಟದ ಕರಾರು. ಒಳ್ಳೆಯ ಕರಾರು, ಯಾವ ಕೋರ್ಟಿನಲ್ಲೂ ನಿಲ್ಲುವಂಥದ್ದು. ಒಂದು ಮನೆಯಲ್ಲಿ ಸ್ಟಾಂಪ್ ಪ್ಯಾಡ್ ತೆಗೆದಿದ್ದೇ ತಡ, ಅಜ್ಜಿ ಕೈ ಹಿಂದಕ್ಕೆ ಕಟ್ಟಿಕೊಂಡರು. "ಹಿಂದಕ ಒಮ್ಮೆ ಹೆಬ್ಬಟ್ಟ ಒತ್ತಿ ಹೊಲ ಹೋಗೇತಿ ಯವ್ವಾ." ಕಾಗದವನ್ನು ಮಡಚಿ ಒಳಗಿಟ್ಟೆ. ಅವತ್ತಿನಿಂದ ಒಪ್ಪಿಗೆಯನ್ನು ಕ್ಯಾಮೆರಾ ಮುಂದೆ ಮಾತಿನಲ್ಲೇ ಕೇಳುತ್ತೇನೆ. ಇದು ಯಾರು ಯಾರು ನೋಡಬಹುದು, ಗಾಡಿ ಮಾಲೀಕ ನೋಡಿದರೆ ಏನಾಗಬಹುದು, ಹೊಲದವರು ಮತ್ತೆ ಕೂಲಿಗೆ ಕರೆಯದೇ ಇರಬಹುದು, ಇದನ್ನೆಲ್ಲ ಹೇಳುತ್ತೇನೆ. ಎಡಿಟ್ ಆದ ಮೇಲೆ ತೋರಿಸುತ್ತೇನೆ, ಬೇಡ ಅಂದರೆ ತೆಗೆಯುತ್ತೇನೆ ಅಂತ ಮಾತು ಕೊಡುತ್ತೇನೆ. ಏಳು ಜನ ಬೇಡ ಅಂದರು. ತೆಗೆದೆ. ಅದರಲ್ಲಿ ಒಬ್ಬರದ್ದು ಇಡೀ ಚಿತ್ರದಲ್ಲೇ ಚೆನ್ನಾಗಿದ್ದ ಮಾತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೂ ದೊಡ್ಡ ಇಕ್ಕಟ್ಟು ಬೇರೆ ಇತ್ತು. ಚಾಲ್ತಿಯಲ್ಲಿರುವ ಕೇಸಿನ ಮನೆಯವರು ಕ್ಯಾಮೆರಾ ಮುಂದೆ 'ಕೂಲಿಗೆ ಹೋಗಿದ್ದಳು' ಅಂತ ನಿಜ ಹೇಳಿದರೆ, ಆ ದೃಶ್ಯವನ್ನೇ ಎದುರಿನವರು ಕೋರ್ಟಿಗೆ ತರಬಹುದು. ವಿಡಿಯೊ ಕೂಡ ಸಾಕ್ಷ್ಯವೇ. ನನ್ನ ಚಿತ್ರಕ್ಕೆ ಒಂದು ನಿಜ ಸಿಗುತ್ತದೆ, ಅವರಿಗೆ ಎಂಟು ಲಕ್ಷ ಹೋಗುತ್ತದೆ. ಹಾಗಾಗಿ ಅಂಥ ಒಂದು ಮನೆಯನ್ನೂ ಮುಟ್ಟಲಿಲ್ಲ. ಇನ್ನು ನನ್ನದೇ ಹಳೆಯ ಕಕ್ಷಿದಾರರು. ವಕೀಲರಿಗೆ ಹೇಳಿದ ಗುಟ್ಟನ್ನು ವಕೀಲರು ಹೊರಗೆ ಹಾಕುವಂತಿಲ್ಲ, ಆಗಿನ ಸಾಕ್ಷ್ಯ ಕಾಯ್ದೆಯ 126ನೇ ಕಲಂ. ಕೆಲಸ ಬಿಟ್ಟ ಮೇಲೂ ಆ ಬಾಯಿಬೀಗ ಇರುತ್ತದೆ. ಬೀಗದ ಕೈ ಇರುವುದು ಕಕ್ಷಿದಾರರ ಹತ್ತಿರ. ಇಲ್ಲಿ ವಕೀಲಿಕೆ ನನ್ನನ್ನು ಕಾಪಾಡಿತು ಅಂತಲೇ ಹೇಳಬೇಕು. ಸಿನಿಮಾದ ಹುಮ್ಮಸ್ಸಿನಲ್ಲಿ ಬಂದ ಬೇರೆ ಯಾರಾದರೂ ಆ ಮನೆಗಳಿಗೆ ನುಗ್ಗಿ, ಒಳ್ಳೆಯ ಉದ್ದೇಶದಿಂದಲೇ ಅವರನ್ನು ಮುಳುಗಿಸಿಬಿಡುತ್ತಿದ್ದರು.

ಬುತ್ತಿ ಗಂಟಿನ ತಾಯಿಯ ಕೇಸು ಪೂರ್ತಿ ಮುಗಿದಿತ್ತು. ಇನ್ನು ಕಳೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. 2018ರ ಬೇಸಿಗೆಯಲ್ಲಿ ಅವರ ಮನೆಗೆ ಹೋದೆ, ಕ್ಯಾಮೆರಾ ಇಲ್ಲದೆ. ಬಾಗಿಲಲ್ಲೇ ಕೇಳಿದರು: "ವಕೀಲವ್ವಾ, ರೊಕ್ಕ ಬಂತೇನು?" ಇಲ್ಲ ಅಂದೆ. ಒಳಗೆ ಕರೆದು ಚಹಾ ಕೊಟ್ಟರು. ಅವತ್ತು ಕಟಕಟೆಯಲ್ಲಿ ನಿಂತು ನನ್ನ ಕಡೆ ಯಾಕೆ ನೋಡಿದಿರಿ ಅಂತ ಕೇಳಿದೆ. "ನೀ ಹೇಳಿಕೊಟ್ಟಿದ್ದು ಮರ್ತಿರಲಿಲ್ಲವ್ವ. ನೆಪ್ಪಿತ್ತು. ನನ್ನ ಮಗಳು ಉಳ್ಳಾಗಡ್ಡಿ ಮಾರೋವಾಕಿ ಅಂತ ಬರದ್ರ, ಆಕಿ ಯಾರು ಅಂತ ಯಾರಿಗ್ ಗೊತ್ತಾಗಬೇಕು?" ನಾಲ್ಕನೇ ಸಲ ಹೋದಾಗ, ಚಿತ್ರ ತೆಗಿ ಅಂತ ಅವರೇ ಹೇಳಿದರು.

ಒಟ್ಟು 71 ಗಂಟೆ ಚಿತ್ರೀಕರಣ ಆಯಿತು. ಒಂದು ಗಂಟೆಯ ಮಾತನ್ನು ಬರೆದು ಇಳಿಸಲು ಐದಾರು ಗಂಟೆ ಬೇಕು. ಇಲ್ಲಿ ಹಳೆಯ ಚಾಳಿ ಕೈಹಿಡಿಯಿತು. ಪ್ರತಿ ಮಾತಿಗೂ ತಾರೀಕು, ಜಾಗ, ಕ್ಲಿಪ್ ನಂಬರು, ನಿಮಿಷ, ಸೆಕೆಂಡು ಹಾಕಿ, ಕೇಸ್ ಫೈಲಿನ ಹಾಗೆ ಟ್ಯಾಗ್ ದಾರ ಹಾಕಿ ಕಟ್ಟಿಟ್ಟೆ. 2020ರ ಲಾಕ್‌ಡೌನ್ ನನಗೆ ಎಡಿಟಿಂಗ್ ಕೋಣೆಯಾಯಿತು. ಕೊನೆಗೆ ಉಳಿದದ್ದು 54 ನಿಮಿಷ. ಮೊದಲ ಕಟ್ ನೋಡಿದ ಗೆಳತಿ ಅಂದಳು: "ಇದು ಸಿನಿಮಾ ಅಲ್ಲ, ವಾದಪತ್ರ." ಸರಿಯಾಗೇ ಹೇಳಿದಳು. ಒಂದಾದ ಮೇಲೆ ಒಂದು ಪಾಯಿಂಟು, ಕೊನೆಗೆ ಕೋರ್ಟಿನ ಮುಂದಿಡುವಂಥ ಪ್ರಾರ್ಥನೆ. ಗಾಡಿ ಓಡಿಸುವವನನ್ನು ಬರೀ ಆರೋಪಿಯ ಹಾಗೆ ತೋರಿಸಿದ್ದೆ. ಅವನ ಮನೆಗೂ ಹೋಗಿ, ತಿಂಗಳ ಕಂತು, ಡೀಸೆಲ್ಲು, ಹೊಲದವರು ಕೊಡುವ ಬಾಡಿಗೆ ಎಲ್ಲ ಕೂಡಿಸಿ ನೋಡಿದ ಮೇಲೆ ಚಿತ್ರ ಬದಲಾಯಿತು. ಹತ್ತೇ ಜನರನ್ನು ಕೂರಿಸಿದರೆ ಅವನಿಗೆ ಕಂತೇ ಹುಟ್ಟುವುದಿಲ್ಲ.

ಸೆನ್ಸಾರ್ ಪ್ರಮಾಣಪತ್ರಕ್ಕೆ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಅರ್ಜಿ ಹಾಕಿದೆ. ಗುಡಿಯ ಮುಂದೆ ಪರದೆ ಕಟ್ಟಿ ಪುಕ್ಕಟೆ ತೋರಿಸಿದರೂ ಅದು ಸಾರ್ವಜನಿಕ ಪ್ರದರ್ಶನವೇ, 1952ರ ಕಾಯ್ದೆ ಬಿಡುವುದಿಲ್ಲ. ಅಬ್ಬಾಸ್ ಪ್ರಕರಣವನ್ನು ನೆನೆಸಿಕೊಂಡು ಅರ್ಜಿ ತುಂಬಿದೆ. ದಕ್ಷಿಣದ ಕಡೆಯ ಒಬ್ಬರು ಪ್ರೀತಿಯಿಂದಲೇ ಹೇಳಿದರು, ಈ ಹೆಂಗಸರ ಮಾತಿಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿ ಅಂತ. ಹಾಕಲಿಲ್ಲ. ಬೇಕಾದರೆ ಎರಡು ಸಲ ನೋಡಲಿ.

ಊರುಗಳಲ್ಲಿ ತೋರಿಸುವುದು ಈಗಲೂ ನಡೆದಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪಟ್ಟಣದ ಪ್ರದರ್ಶನಗಳಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಈಗ ಬಸ್ಸು ಪುಕ್ಕಟೆ ಅಲ್ವಾ, ಇನ್ನೂ ಯಾಕೆ ಗಾಡಿ ಹತ್ತುತ್ತಾರೆ? ಹಿಂದೆಲ್ಲ ನಾನು ಉತ್ತರಿಸುತ್ತಿದ್ದೆ. ಒಮ್ಮೆ ಚಿತ್ರದಲ್ಲಿದ್ದ ಒಬ್ಬರು ಸಭೆಯಲ್ಲೇ ಇದ್ದರು. ಎದ್ದು ನಿಂತು, "ಬಸ್ಸು ಹೊಲಕ್ಕ ಬರ್ತದೇನ್ರಿ?" ಅಂದು ಕೂತರು.

ಮೊದಲ ಪ್ರದರ್ಶನ ಮಾತ್ರ ಆ ತಾಯಿಯ ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. ಒಪ್ಪಿಗೆ ಕೇಳಲು ಹೋಗಿದ್ದೆ. ಅವರ ಮಾತು ಬರುವಲ್ಲಿ ನಾನು ಬುತ್ತಿ ಗಂಟಿನ ಒಂದು ದೃಶ್ಯ ಸೇರಿಸಿದ್ದೆ. ಬೇರೆ ಹೊಲದಲ್ಲಿ, ಬೇರೆಯವರ ಗಂಟು, ಬದುವಿನ ಮೇಲೆ ಇಟ್ಟದ್ದು, ಸಂಜೆ ಬೆಳಕು. ಚೆಂದ ಇತ್ತು. ಅವರು 54 ನಿಮಿಷ ಕದಲದೆ ನೋಡಿದರು. ಆಮೇಲೆ ಅದೊಂದು ಜಾಗಕ್ಕೆ ಹಿಂದಕ್ಕೆ ಹೋಗು ಅಂದರು. ಹೋದೆ. ಪರದೆಯ ಮೇಲೆ ಬೆರಳಿಟ್ಟರು.

"ಇದು ಕೆಂಪ ಅರಿವಿ. ಆಕಿದು ಹಸರ ಇತ್ತವ್ವಾ. ನನ್ನ ಹಳೇ ಸೀರಿ ಹರದು ಕೊಟ್ಟಿದ್ದೆ."

ನಾನು ಸುಮ್ಮನಾದೆ. ಅವರು ಕಾದರು.

ಆ ದೃಶ್ಯ ತೆಗೆದೆ. ಅದರ ಬದಲು ಬೇರೆ ಯಾವುದನ್ನೂ ಹಾಕಲಿಲ್ಲ. ಈಗ ಆ ಜಾಗದಲ್ಲಿ ಹನ್ನೊಂದು ಸೆಕೆಂಡು ಪರದೆ ಕಪ್ಪಾಗಿರುತ್ತದೆ. ಗಾಡಿ ದೂರ ಹೋಗುವ ಸದ್ದು ಇರುತ್ತದೆ, ಅಷ್ಟೇ. ಕರೆಂಟು ಹೋಯಿತು ಅಂದುಕೊಂಡು ಪ್ರತಿ ಊರಿನಲ್ಲೂ ಯಾರಾದರೂ ಒಬ್ಬರು ಎದ್ದು ಜನರೇಟರ್ ಕಡೆ ಓಡುತ್ತಾರೆ.